ಪ್ಯಾಟರ್ಸನ್ ಟ್ಯಾಂಕ್ ತಗೊಂಡು 22 ರೋಲ್ ತೊಳೆದ ಮೇಲೆ

ಪೂರ್ತಿ ಓದುವ ತಾಳ್ಮೆ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ಕಪ್ಪು ಬಿಳುಪು ಫಿಲ್ಮ್ ರೋಲ್ ತೊಳೆಯುವ ಆಸೆ ಇದ್ದರೆ ಅದನ್ನು ತೊಳೆಯುವ ಡಬ್ಬಕ್ಕೆ, ಅಂದರೆ ಟ್ಯಾಂಕಿಗೆ, ಸರಿಯಾಗಿ ದುಡ್ಡು ಹಾಕಿ, ಮಿಕ್ಕಿದ್ದಕ್ಕೆಲ್ಲ ಜಿಪುಣರಾಗಿ. ನಾನು ಮಾಡಿದ್ದು ಇದರ ಉಲ್ಟಾ. ಗಾಜಿನ ಅಳತೆ ಜಾಡಿ ತಗೊಂಡೆ, ಫಿಲ್ಮ್ ನೇತು ಹಾಕೋಕೆ ಅಂತಲೇ ಸ್ಟೀಲ್ ಕ್ಲಿಪ್ಪು ತಗೊಂಡೆ, ಟ್ಯಾಂಕ್ ಮಾತ್ರ ಸಿಕ್ಕಿದ್ದರಲ್ಲಿ ಅಗ್ಗದ್ದು. ಅದರ ಹೆಸರು ಬೇಡ ಬಿಡಿ. ತಲೆಕೆಳಗು ಮಾಡಿದಾಗಲೆಲ್ಲ ಮುಚ್ಚಳದ ಸಂದಿಯಿಂದ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ) ತೊಟ್ಟಿಕ್ಕಿ ಮೊಣಕೈವರೆಗೂ ಇಳಿಯುತ್ತಿತ್ತು. ಒಳಗಿನ ಚಕ್ರ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಎರಡು ರೋಲ್ ಹಾಳಾದವು. ಒಂದು ಬಿಳಿ ಅಂಗಿಗೆ ಕಂದು ಕಲೆ ಬಿದ್ದು ಅದು ಈಗ ಗಾಡಿ ಒರೆಸುವ ಬಟ್ಟೆ.

ಆಮೇಲೆ ತಗೊಂಡಿದ್ದು ಪ್ಯಾಟರ್ಸನ್ ಸೂಪರ್ ಸಿಸ್ಟಮ್ 4, ಎರಡು ರೋಲ್ ಹಿಡಿಯುವಂಥದ್ದು. ಕಳೆದ ಆಷಾಢದಿಂದ ಈ ಆಷಾಢದವರೆಗೆ ಇದರಲ್ಲಿ 22 ರೋಲ್ ತೊಳೆದಿದ್ದೇನೆ. ಮೂರು ಹಾಳಾಗಿವೆ. ಮೂರರಲ್ಲೂ ತಪ್ಪು ನನ್ನದೇ, ಒಂದೊಂದಾಗಿ ಹೇಳುತ್ತೇನೆ.

ಈ ಹುಚ್ಚು ಹತ್ತಿದ್ದು ಸೋದರಮಾವನ ಹಳೇ ಪೆಂಟಾಕ್ಸ್ ಕೆ1000 ಕೈಗೆ ಬಂದಾಗ. ಮೊದಮೊದಲು ರೋಲುಗಳನ್ನು ಬೇರೆ ಊರಿನ ಲ್ಯಾಬಿಗೆ ಕೊರಿಯರ್ ಮಾಡುತ್ತಿದ್ದೆ. ಒಂದು ಸಲ ಮೂರು ವಾರ ಕಾದೆ. ಬಂದ ನೆಗೆಟಿವ್ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೀರು, ಯಾರೋ ಸ್ಕೇಲ್ ಇಟ್ಟು ಎಳೆದ ಹಾಗೆ. ಫೋನ್ ಮಾಡಿದರೆ ‘ನಿಮ್ಮ ಕ್ಯಾಮೆರಾ ಪ್ರಾಬ್ಲಮ್ಮು ಸಾರ್’ ಅಂದರು. ಇರಬಹುದು. ಆದರೆ ಅದೇ ಕ್ಯಾಮೆರಾದ ರೋಲನ್ನು ಮನೆಯಲ್ಲಿ ತೊಳೆದರೆ ಆ ಗೀರು ಇಲ್ಲ. ಯಾರಿಗೆ ಏನು ಹೇಳೋದು.

ಸರಿ, ಟ್ಯಾಂಕಿಗೆ ಬರೋಣ. ನೋಡೋಕೆ ಕಪ್ಪು ಪ್ಲಾಸ್ಟಿಕ್ ಡಬ್ಬ, ಉಪ್ಪಿನಕಾಯಿ ಜಾಡಿಯ ಗಾತ್ರ. ಒಳಗೆ ನಿಲ್ಲಿಸಲು ಒಂದು ಕಪ್ಪು ಕೊಳವೆ, ಆ ಕೊಳವೆಗೆ ಸಿಕ್ಕಿಸಲು ಎರಡು ಬಿಳಿ ಚಕ್ರ, ಮೇಲೆ ಆಲಿಕೆಯಂಥ ಮುಚ್ಚಳ, ಅದರ ಮೇಲೆ ಇನ್ನೊಂದು ಮೆತ್ತನೆ ಮುಚ್ಚಳ, ಕೊಳವೆಯನ್ನು ತಿರುಗಿಸೋಕೆ ಒಂದು ಕಡ್ಡಿ. ಇಷ್ಟೇ. ಈ ಬಿಳಿ ಚಕ್ರಕ್ಕೆ ಇಂಗ್ಲಿಷಿನಲ್ಲಿ ರೀಲ್ ಅನ್ನುತ್ತಾರೆ, ಆದರೆ ನಮ್ಮಲ್ಲಿ ರೀಲು ಅಂದರೆ ಫಿಲ್ಮೇ ಅಲ್ವಾ, ‘ರೀಲು ತೊಳೆಸಿದ್ಯಾ’ ಅಂತ ತಾನೇ ಕೇಳುತ್ತಿದ್ದದ್ದು. ಅದಕ್ಕೆ ನಾನು ಇದನ್ನು ಸ್ಪೈರಲ್ ಅಂತಲೇ ಕರೆಯುತ್ತೇನೆ.

ಉಪಾಯ ಇರುವುದು ಆ ಕಪ್ಪು ಕೊಳವೆ ಮತ್ತು ಆಲಿಕೆಯಲ್ಲಿ. ಫಿಲ್ಮನ್ನು ಕತ್ತಲಲ್ಲಿ ಸ್ಪೈರಲ್‌ಗೆ ಸುತ್ತಿ, ಕೊಳವೆಗೆ ಹಾಕಿ, ಟ್ಯಾಂಕಿನೊಳಗೆ ಇಟ್ಟು, ಆಲಿಕೆಯನ್ನು ತಿರುಗಿಸಿ ಕಟಕ್ ಅನ್ನಿಸಿದರೆ ಮುಗಿಯಿತು. ಆಮೇಲೆ ಲೈಟ್ ಹಾಕಬಹುದು, ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ಕಾಫಿ ಕುಡಿಯುತ್ತಾ ಕೆಲಸ ಮಾಡಬಹುದು. ನೀರು ಒಳಗೆ ಹೋಗುತ್ತದೆ, ಬೆಳಕು ಹೋಗುವುದಿಲ್ಲ. ಆದರೆ ಕೊಳವೆ ಹಾಕುವುದನ್ನು ಮರೆತರೆ ಆಲಿಕೆಯ ನಡುವಿಂದ ಬೆಳಕು ನೇರ ಫಿಲ್ಮಿಗೆ ಬೀಳುತ್ತದೆ. ಒಂದೇ ರೋಲ್ ಇದೆ, ಕೊಳವೆ ಯಾಕೆ ಅಂತ ಬಿಡುವವರಿದ್ದಾರೆ. ಬಿಡಬೇಡಿ.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಕೆಂಪು ಲೈಟು ಬೇಡವಾ? ಬೇಡ. ಸಿನಿಮಾದಲ್ಲಿ ತೋರಿಸುವ ಕೆಂಪು ಕೋಣೆ ಪೇಪರ್ ಮೇಲೆ ಪ್ರಿಂಟ್ ಹಾಕುವಾಗಿನದ್ದು. ಆ ಪೇಪರಿಗೆ ಕೆಂಪು ಬೆಳಕು ಕಾಣುವುದಿಲ್ಲ. ಈಗಿನ ಫಿಲ್ಮಿಗೆ ಎಲ್ಲ ಬಣ್ಣವೂ ಕಾಣುತ್ತದೆ, ಕೆಂಪೂ ಸೇರಿ. ಹಾಗಾಗಿ ಸುತ್ತುವ ಆ ಐದು ನಿಮಿಷ ಗಾಢ ಕತ್ತಲೆ ಬೇಕು. ರಾತ್ರಿ ಬಚ್ಚಲುಮನೆ, ಬಾಗಿಲ ಸಂದಿಗೆ ಟವೆಲ್. ಇಲ್ಲವಾದರೆ ಚೇಂಜಿಂಗ್ ಬ್ಯಾಗ್ ಅಂತ ಕೈ ತೂರಿಸುವ ಕಪ್ಪು ಚೀಲ ಬರುತ್ತದೆ, ತೋಳಿಗೆ ಎಲಾಸ್ಟಿಕ್ ಇರುವ ಅಂಗಿಯ ಥರ. ನಾನು ಅದನ್ನೇ ಬಳಸೋದು.

ಮೊದಲ ಹಾಳು ರೋಲ್ ಈ ಚೀಲದಲ್ಲೇ ಆಗಿದ್ದು. ಎಲ್ಲ ಸರಿಯಾಗಿ ಜೋಡಿಸಿಟ್ಟುಕೊಂಡು ಕೈ ತೂರಿಸಿದೆ, ಸ್ಪೈರಲ್ ಹಿಡಿದೆ, ಫಿಲ್ಮ್ ಸುತ್ತುತ್ತಾ ಹೋದೆ, ಸಲೀಸಾಗಿ ಬಂತು. ಖುಷಿಯಾಗಿ ಕೈ ಹೊರಗೆ ತೆಗೆದರೆ ಮಣಿಕಟ್ಟಿನಲ್ಲಿ ಸ್ಮಾರ್ಟ್‌ವಾಚು ಮಿಣಮಿಣ ಅನ್ನುತ್ತಿದೆ. ಕೈ ತಿರುಗಿಸಿದಾಗೆಲ್ಲ ಹೊತ್ತಿಕೊಳ್ಳುವ ವಾಚು ಅದು. ಫಿಲ್ಮ್ ಸುತ್ತುವಾಗ ಕೈ ಎಷ್ಟು ಸಲ ತಿರುಗುತ್ತದೆ ಲೆಕ್ಕ ಹಾಕಿ. ಮೂವತ್ತಾರು ಫೋಟೋದಲ್ಲಿ ಮೂವತ್ತರ ಮೇಲೆ ಹೊಗೆ ಬಂದ ಹಾಗೆ ಮಸುಕು. ಮಾಡಿದ್ದುಣ್ಣೋ ಮಹರಾಯ.

ಸುತ್ತುವ ಕ್ರಮ ಹೀಗೆ. ಫಿಲ್ಮ್ ಡಬ್ಬಿಯ ಮುಚ್ಚಳವನ್ನು ಸೋಡಾ ಬಾಟಲಿ ಓಪನರ್‌ನಿಂದ ಎತ್ತಿ ತೆಗೆಯಿರಿ. ಮುಂದಿನ ನಾಲಿಗೆಯನ್ನು ನೇರವಾಗಿ ಕತ್ತರಿಸಿ, ಎರಡು ಮೂಲೆಗಳನ್ನು ಕೊಂಚ ದುಂಡಗೆ ಮಾಡಿ. ಈ ದುಂಡು ಮಾಡುವ ಕೆಲಸಕ್ಕೆ ಹತ್ತು ಸೆಕೆಂಡು ಸಾಕು, ಮಾಡದಿದ್ದರೆ ಹತ್ತು ನಿಮಿಷ ಒದ್ದಾಡಬೇಕು. ಸ್ಪೈರಲ್ ಬಾಯಲ್ಲಿ ಎರಡು ಕಡೆ ಸಣ್ಣ ಸ್ಟೀಲ್ ಗುಂಡು ಇವೆ. ಫಿಲ್ಮಿನ ತುದಿಯನ್ನು ಅವನ್ನು ದಾಟಿಸಿ ಒಳಗೆ ನೂಕಿ, ಎರಡು ಪಕ್ಕಗಳನ್ನು ಹಿಂದೆ ಮುಂದೆ ಆಡಿಸಿದರೆ ಫಿಲ್ಮ್ ತಾನಾಗೇ ಒಳಗೆ ನಡೆಯುತ್ತದೆ. ಹೆಬ್ಬೆರಳಿಗೆ ಕಟಕಟ ಅಂತ ಗೊತ್ತಾಗುತ್ತಿರುತ್ತದೆ. ಆ ಕಟಕಟ ನಿಂತು ಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಜೋರು ಮಾಡಿದರೆ ಫಿಲ್ಮ್ ಮಡಚಿಕೊಂಡು ಅರ್ಧಚಂದ್ರದಂಥ ಕಪ್ಪು ಗುರುತು ಬೀಳುತ್ತದೆ. ಹಾಳಾದ ಒಂದು ರೋಲನ್ನು ಎಸೆಯದೆ ಇಟ್ಟುಕೊಳ್ಳಿ. ಮೊದಲು ಬೆಳಕಲ್ಲಿ, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಚೀಲದಲ್ಲಿ. ನಾನು ಟಿವಿ ಮುಂದೆ ಕೂತು ಕಣ್ಣು ಮುಚ್ಚಿಕೊಂಡು ಸುತ್ತುತ್ತಿದ್ದಾಗ ಅಮ್ಮ ‘ಏನೋ ಇದು, ಜಪಸರ ಹಿಡಿದ ಹಾಗೆ’ ಅಂದರು.

ಈಗ ಮುಖ್ಯ ವಿಷಯ. ಈ ಸ್ಪೈರಲ್‌ಗೆ ತೇವ ಆಗುವುದಿಲ್ಲ. ಒಂದು ಹನಿ ನೀರಿದ್ದರೂ ಫಿಲ್ಮ್ ಅಲ್ಲಿ ಅಂಟಿಕೊಂಡು ನಿಲ್ಲುತ್ತದೆ, ಮುಂದೆ ಹೋಗಲ್ಲ. ಇದು ಈ ಕಂಪನಿಯದ್ದೊಂದೇ ಗುಣ ಅಲ್ಲ, ಪ್ಲಾಸ್ಟಿಕ್ ಸ್ಪೈರಲ್ ಎಲ್ಲದರ ಜಾತಕವೇ ಹಾಗೆ. ಫಿಲ್ಮಿನ ಮೇಲೆ ಇರುವುದು ಜಿಲೆಟಿನ್, ನೀರು ತಾಗಿದ ಕೂಡಲೇ ಅದು ಊದಿಕೊಂಡು ಅಂಟಾಗುತ್ತದೆ. ನನ್ನ ಎರಡನೇ ಹಾಳು ರೋಲ್ ಹೀಗೇ ಆಯಿತು. ಒಂದು ರೋಲ್ ತೊಳೆದ ಅರ್ಧ ಗಂಟೆಗೇ ಇನ್ನೊಂದು ಹಾಕೋಣ ಅಂತ ಸ್ಪೈರಲನ್ನು ಬಟ್ಟೆಯಲ್ಲಿ ಒರೆಸಿ ಶುರು ಮಾಡಿದೆ. ಹೊರಗೆ ಒಣಗಿದ ಹಾಗೇ ಇತ್ತು. ಆ ಗುಂಡುಗಳ ಹಿಂದೆ ನೀರು ನಿಂತಿತ್ತು. ಹದಿನೈದನೇ ಫ್ರೇಮಿನ ಹತ್ತಿರ ಸಿಕ್ಕಿಕೊಂಡಿತು. ಚೀಲದೊಳಗೆ ಕೈ ಬೆವೆತು, ಬೆವರಿಗೆ ಇನ್ನಷ್ಟು ಅಂಟಿ, ಕೊನೆಗೆ ಸಿಟ್ಟು ಬಂದು ಎಳೆದೇಬಿಟ್ಟೆ. ಮೈಸೂರಿನ ಏಪ್ರಿಲ್ ಮಧ್ಯಾಹ್ನ ಬೇರೆ. ಈಗ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಜಾವ ಮಾತ್ರ ಸುತ್ತುತ್ತೇನೆ, ಕೈಗೆ ಸೋಪು ಹಾಕಿ ತೊಳೆದು ಫ್ಯಾನ್ ಕೆಳಗೆ ಚೆನ್ನಾಗಿ ಒಣಗಿಸಿಕೊಂಡು.

ಎರಡು ರೋಲ್ ಟ್ಯಾಂಕಲ್ಲಿ ಒಂದೇ ರೋಲ್ ತೊಳೆಯುವವರಿಗೆ ಒಂದು ಮಾತು. ಖಾಲಿ ಸ್ಪೈರಲನ್ನೂ ಮೇಲೆ ಹಾಕಿ. ಇಲ್ಲವಾದರೆ ತಲೆಕೆಳಗು ಮಾಡಿದಾಗ ಕೆಳಗಿನ ಸ್ಪೈರಲ್ ಕೊಳವೆಗುಂಟ ಮೇಲಕ್ಕೆ ಜಾರಿ ಅಲ್ಲೇ ಕೂರಬಹುದು. ನೀವು ಹಾಕಿದ್ದು 300 ಮಿಲಿ, ಫಿಲ್ಮ್ ಅದಕ್ಕಿಂತ ಮೇಲೆ, ಅರ್ಧ ಅಗಲ ಮಾತ್ರ ತೊಳೆಯುತ್ತದೆ. ಎಷ್ಟು ಹಾಕಬೇಕು ಅಂತ ಟ್ಯಾಂಕಿನ ತಳದಲ್ಲೇ ಅಚ್ಚು ಹಾಕಿದ್ದಾರೆ: 35 ಎಂಎಂ ರೋಲಿಗೆ 290 ಮಿಲಿ, ದೊಡ್ಡ 120 ರೋಲಿಗೆ 500. ನಾನು ಲೆಕ್ಕಕ್ಕೆ ಸುಲಭ ಅಂತ 300 ಹಾಕುತ್ತೇನೆ. ಅದೇ ಸ್ಪೈರಲನ್ನು ತಿರುಚಿ ಅಗಲ ಮಾಡಿದರೆ 120 ರೋಲೂ ಹಿಡಿಯುತ್ತದೆ.

ಇನ್ನು ಜಿಪುಣತನದ ಭಾಗ.

ಡೆವಲಪರ್‌ಗೆ ನಾನು ಶುರು ಮಾಡಿದ್ದು ಕೊಡಾಕ್ ಡಿ-76 ಪುಡಿ ಪ್ಯಾಕೆಟ್ಟಿನಿಂದ. 1 ಲೀಟರಿಗೆ ಆಗುವ ಪ್ಯಾಕೆಟ್ ತಗೊಳ್ಳಿ, ದೊಡ್ಡದು ಬೇಡ. ಬಾಟಲಿ ತುಂಬ ಇದ್ದರೆ ಆರು ತಿಂಗಳು ಇರುತ್ತದೆ, ಅರ್ಧ ಖಾಲಿಯಾದರೆ ಎರಡೇ ತಿಂಗಳು. ಬಳಸುವಾಗ ಅಷ್ಟೇ ನೀರು ಬೆರೆಸಿ, ಒಂದು ಸಲ ಬಳಸಿ ಚೆಲ್ಲಿಬಿಡುವುದು. ಒಂದು ರೋಲಿಗೆ 150 ಮಿಲಿ ಆಯಿತು, ಲೀಟರಿಗೆ ಆರು ರೋಲ್ ಚಿಲ್ಲರೆ.

ಆಮೇಲೆ ಗೊತ್ತಾಗಿದ್ದು, ಇದರ ಪಾಕವಿಧಾನ ಗುಟ್ಟೇನಲ್ಲ ಅಂತ. 1927ರಿಂದ ಇರುವ ಡೆವಲಪರ್ ಇದು. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಬೋರಾಕ್ಸ್ ಅಂದರೆ ನಮ್ಮ ಬಿಳಿಗಾರ, ಅಕ್ಕಸಾಲಿಗರು ಬಳಸೋದು. ಕಾಲೇಜು ಲ್ಯಾಬ್‌ಗಳಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ನಾಲ್ಕೂ ಕೇಳಿ ನೋಡಿ. ಕೇಳುವಾಗ ಬರೆದುಕೊಂಡು ಹೋಗಿ. ಸಲ್ಫೈಟ್, ಸಲ್ಫೇಟ್, ಸಲ್ಫೈಡ್ ಮೂರೂ ಬೇರೆ ಬೇರೆ, ಬಾಯಲ್ಲಿ ಹೇಳಿದರೆ ಒಂದೇ ಥರ ಕೇಳಿಸುತ್ತವೆ. ಹದವಾಗಿ ಬಿಸಿ ಇರುವ ನೀರಿಗೆ, 50 ಡಿಗ್ರಿ ಹತ್ತಿರ, ಮೊದಲು ಮೆಟಾಲ್ ಹಾಕಬೇಕು. ಸಲ್ಫೈಟ್ ಪೂರ್ತಿ ಸುರಿದ ಮೇಲೆ ಮೆಟಾಲ್ ಹಾಕಿದರೆ ಅದು ಸರಿಯಾಗಿ ಕರಗುವುದಿಲ್ಲ, ಕದಡಿಕೊಂಡು ಕೂರುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಕೆಲವರಿಗೆ ಮೆಟಾಲ್‌ನಿಂದ ಕೈಗೆ ಕಜ್ಜಿ ಏಳುತ್ತದೆ. ಪುಡಿ ಹಾರಿಸಬೇಡಿ, ಅಡುಗೆ ಪಾತ್ರೆ ಮುಟ್ಟಬೇಡಿ. ಹೊಸಬರು ಮೊದಲ ಐದಾರು ರೋಲಿಗೆ ಪ್ಯಾಕೆಟ್ಟೇ ತಗೊಳ್ಳಿ. ಏನಾದರೂ ತಪ್ಪಾದರೆ ಕಲಸಿದ್ದು ತಪ್ಪೋ ತೊಳೆದದ್ದು ತಪ್ಪೋ ಅಂತ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಡೆವಲಪರ್ ಕೆಲಸ ನಿಲ್ಲಿಸೋಕೆ, ಅಂದರೆ ಸ್ಟಾಪ್ ಬಾತ್‌ಗೆ, ದಿನಸಿ ಅಂಗಡಿಯ ಬಿಳಿ ವಿನೆಗರ್ ಸಾಕು. ಒಂದು ಪಾಲಿಗೆ ಮೂರು ಪಾಲು ನೀರು. ಅದೂ ಇಲ್ಲದಿದ್ದರೆ ಬರೀ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿದರೂ ನಡೆಯುತ್ತದೆ. ಆಮೇಲೆ ಫಿಲ್ಮಿನಲ್ಲಿ ಉಳಿದ ಬೆಳ್ಳಿ ಲವಣ ಕರಗಿಸಿ ಚಿತ್ರ ಉಳಿಸುವ ಫಿಕ್ಸರ್. ಫಿಕ್ಸರ್ ಅಂದರೆ ಹಳೇ ಸ್ಟುಡಿಯೋದವರ ಹೈಪೋ. ಸೋಡಿಯಂ ಥಯೋಸಲ್ಫೇಟ್. ಮೀನಿನ ತೊಟ್ಟಿಯ ನೀರಿನ ಕ್ಲೋರಿನ್ ತೆಗೆಯೋಕೆ ಹಾಕುತ್ತಾರಲ್ಲ ಆ ಹರಳು, ಅದೇ. ಬೆಳ್ಳಿ ಲವಣ ಇದರಲ್ಲಿ ಕರಗುತ್ತದೆ ಅಂತ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಹಿಡಿದಿದ್ದ, ಆಗಿನ್ನೂ ಫೋಟೋಗ್ರಫಿಯೇ ಇರಲಿಲ್ಲ! ನಾನು ಬಳಸೋದು ರೆಡಿ ಸಿಗುವ ರಾಪಿಡ್ ಫಿಕ್ಸರ್, ಒಂದಕ್ಕೆ ನಾಲ್ಕು ನೀರು. ಇದನ್ನು ಚೆಲ್ಲಬೇಕಿಲ್ಲ, ಮತ್ತೆ ಮತ್ತೆ ಬಳಸಬಹುದು. ಇನ್ನೂ ಸರಿ ಇದೆಯಾ ಅಂತ ನೋಡೋಕೆ, ಮೊದಲೇ ಕತ್ತರಿಸಿದ ಫಿಲ್ಮ್ ನಾಲಿಗೆಯ ಒಂದು ಚೂರನ್ನು ಫಿಕ್ಸರ್‌ಗೆ ಹಾಕಿ. ಹಾಲಿನ ಹಾಗೆ ಇದ್ದದ್ದು ಗಾಜಿನ ಹಾಗೆ ಆಗೋಕೆ ಎಷ್ಟು ಹೊತ್ತು ಹಿಡಿಯಿತೋ ಅದರ ಎರಡರಷ್ಟು ಹೊತ್ತು ರೋಲನ್ನು ಇಡಬೇಕು. ಚೂರು ಮೊದಲಿಗಿಂತ ದುಪ್ಪಟ್ಟು ಹೊತ್ತು ತಗೊಂಡರೆ ಹೊಸದು ಮಾಡಿ.

ಬಳಸಿ ಸತ್ತ ಫಿಕ್ಸರ್ ಮಾತ್ರ ಗಿಡಕ್ಕೂ ಚರಂಡಿಗೂ ಬೇಡ, ಅದರಲ್ಲಿ ಬೆಳ್ಳಿ ಇರುತ್ತದೆ. ಹಿಂದೆ ಸ್ಟುಡಿಯೋ ಮತ್ತು ಎಕ್ಸ್‌ರೇ ಮಾಡುವವರ ಹತ್ತಿರ ಈ ಹಳೇ ಹೈಪೋ ಕೊಳ್ಳುವವರು ಬರುತ್ತಿದ್ದರು, ಬೆಳ್ಳಿ ತೆಗೆಯೋಕೆ. ನನ್ನದು ಒಂದು ಕ್ಯಾನಿನಲ್ಲಿ ತುಂಬುತ್ತಾ ಕೂತಿದೆ.

ಮೂರನೇ ಹಾಳು ರೋಲ್ ಹೇಳಿಬಿಡುತ್ತೇನೆ, ಇದೇ ಜಾಗ. ಡೆವಲಪರ್ ಮತ್ತು ಫಿಕ್ಸರ್ ಎರಡನ್ನೂ ಒಂದೇ ಥರದ ಬಾಟಲಿಯಲ್ಲಿ ಇಟ್ಟಿದ್ದೆ, ಪೆನ್ನಲ್ಲಿ ಬರೆದಿದ್ದು ಒದ್ದೆಯಾಗಿ ಅಳಿಸಿತ್ತು. ಮೊದಲು ಫಿಕ್ಸರ್ ಹೋಯಿತು. ಕೊನೆಗೆ ಟ್ಯಾಂಕ್ ತೆರೆದರೆ ಒಂದೂವರೆ ಮೀಟರ್ ಶುಭ್ರ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ. ಒಂದು ಅಕ್ಷರ ಇಲ್ಲ. ಇಲ್ಲೊಂದು ಉಪಯೋಗದ ಪಾಠ ಇದೆ. ಫಿಲ್ಮಿನ ಅಂಚಿನಲ್ಲಿ ಕಂಪನಿ ಹೆಸರು, ಫ್ರೇಮ್ ನಂಬರ್ ಇರುತ್ತವಲ್ಲ, ಅವೂ ತೊಳೆದಾಗಲೇ ಮೂಡುವುದು. ಅಂಚಿನ ಅಕ್ಷರ ಬಂದಿದೆ, ಫೋಟೋ ಬಂದಿಲ್ಲ ಅಂದರೆ ತಪ್ಪು ಕ್ಯಾಮೆರಾದಲ್ಲಿ, ಬಹುಶಃ ರೋಲ್ ಮುಂದೆ ಓಡಿಯೇ ಇಲ್ಲ. ಅಂಚಿನ ಅಕ್ಷರವೂ ಇಲ್ಲ ಅಂದರೆ ತಪ್ಪು ತೊಳೆದವನದ್ದು. ನನ್ನದು ಎರಡನೇದು. ಈಗ ಫಿಕ್ಸರ್ ಬಾಟಲಿಗೆ ಕುತ್ತಿಗೆ ತುಂಬ ಕೆಂಪು ಇನ್ಸುಲೇಶನ್ ಟೇಪು. ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಂತೂ ಯಾವತ್ತೂ ಇಡಬೇಡಿ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ.

ಈಗ ನಮ್ಮ ಊರುಗಳ ನಿಜವಾದ ತೊಂದರೆ. ಪುಸ್ತಕ, ಪ್ಯಾಕೆಟ್ಟು, ಆ್ಯಪು ಎಲ್ಲ ಕಡೆ 20 ಡಿಗ್ರಿ ಅಂತ ಬರೆದಿರುತ್ತಾರೆ. ನಮ್ಮ ಮನೆ ಮೇಲಿನ ಕಪ್ಪು ಸಿಂಟೆಕ್ಸ್‌ನಿಂದ ಏಪ್ರಿಲ್‌ನಲ್ಲಿ ಬರುವ ನೀರು ಬೆಳಗ್ಗೆ ಆರಕ್ಕೇ 28, ಮಧ್ಯಾಹ್ನ ಸ್ನಾನಕ್ಕೆ ಬಾಯ್ಲರ್ರೇ ಬೇಡ. ಮೊದಮೊದಲು 20ಕ್ಕೆ ಇಳಿಸೋಕೆ ಐಸ್ ಹಾಕಿ ಹಾಕಿ ಸಾಕಾಗಿತ್ತು, 20 ಮುಟ್ಟುವುದು, ಎರಡು ನಿಮಿಷಕ್ಕೆ 22. ಆಮೇಲೆ ಆ ಹಟ ಬಿಟ್ಟೆ. ಈಗ 24ಕ್ಕೆ ತೊಳೆಯುತ್ತೇನೆ. ಒಂದು ಬಕೆಟ್‌ನಲ್ಲಿ ನೀರು ಹಾಕಿ, ಸ್ಟೀಲ್ ಡಬ್ಬಿಯಲ್ಲಿ ಗಡ್ಡೆ ಕಟ್ಟಿಸಿದ ಐಸನ್ನು ಅದರಲ್ಲಿ ತೇಲಿಬಿಟ್ಟು, ಬಾಟಲಿಗಳನ್ನೆಲ್ಲ ಅದೇ ಬಕೆಟ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಎಲ್ಲವೂ ಒಂದೇ ಹದಕ್ಕೆ ಬರುತ್ತವೆ. ಬಿಸಿ ಜಾಸ್ತಿ ಆದಂತೆ ಹೊತ್ತು ಕಡಿಮೆ, ಅಂದಾಜಿಗೆ ಡಿಗ್ರಿಗೆ ನೂರಕ್ಕೆ ಹತ್ತರಷ್ಟು. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ರೋಲಲ್ಲಿ ಐಎಸ್‌ಒ 400ಕ್ಕೇ ಫೋಟೋ ತೆಗೆದಿದ್ದರೆ, ಡಿ-76 ಒಂದಕ್ಕೊಂದು ಬೆರೆಸಿದ್ದರಲ್ಲಿ 20 ಡಿಗ್ರಿಗೆ 11 ನಿಮಿಷ. 24ಕ್ಕೆ ಸುಮಾರು ಏಳೂವರೆ. ಐದು ನಿಮಿಷಕ್ಕಿಂತ ಕೆಳಗೆ ಹೋಗಬೇಡಿ, ಒಂದು ಕಡೆ ಗಾಢ ಒಂದು ಕಡೆ ತೆಳು ಆಗಿ ಆಕಾಶದಲ್ಲಿ ಪಟ್ಟೆ ಕಾಣುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಡಿ-76ಗೆ ನೀರು ಬೆರೆಸದೆ ಬಳಸಬೇಡಿ, ಅದು 20 ಡಿಗ್ರಿಯಲ್ಲೇ ಏಳೂವರೆ ನಿಮಿಷಕ್ಕೆ ಮುಗಿಯುತ್ತದೆ. ಬೇರೆ ಫಿಲ್ಮ್, ಬೇರೆ ಡೆವಲಪರ್ ಆದರೆ ಇಂಟರ್ನೆಟ್ಟಿನಲ್ಲಿ ಮ್ಯಾಸಿವ್ ಡೆವ್ ಚಾರ್ಟ್ ಅನ್ನುವ ಪಟ್ಟಿ ನೋಡಿ. ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಸಾಕು. ಅದು ಒಂದು ಡಿಗ್ರಿ ಸುಳ್ಳು ಹೇಳಿದರೂ ಪ್ರತಿ ಸಲ ಅದೇ ಸುಳ್ಳು ಹೇಳಿದರೆ ಆಯಿತು.

ತೊಳೆಯುವ ಹೊತ್ತಿಗೆ ಟ್ಯಾಂಕಿನ ಬೆಲೆ ಗೊತ್ತಾಗುತ್ತದೆ. ಆಲಿಕೆ ಅಗಲ ಇರುವುದರಿಂದ 600 ಮಿಲಿ ಸುರಿಯೋಕೆ ಕೆಲವೇ ಸೆಕೆಂಡು ಸಾಕು. ಮೇಲಿನ ಮೆತ್ತನೆ ಮುಚ್ಚಳ ಹಾಕುವಾಗ ನಡುವೆ ಹೆಬ್ಬೆರಳಿನಿಂದ ಒತ್ತಿ ಗಾಳಿ ಹೊರಡಿಸಬೇಕು, ಗಾಳಿ ಬಿಡದೆ ಹಾಕಿದರೆ ಯಾವ ಪ್ಲಾಸ್ಟಿಕ್ ಡಬ್ಬವೂ ಸೋರುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ತಲೆಕೆಳಗು, ಆಮೇಲೆ ಪ್ರತಿ ನಿಮಿಷದ ಶುರುವಿಗೆ ಹತ್ತು ಸೆಕೆಂಡು ಅದೇ ಕೆಲಸ. ಪ್ರತಿ ಸಲ ಕೆಳಗಿಡುವಾಗ ಕಟ್ಟೆಗೆ ಮೆಲ್ಲಗೆ ಎರಡು ತಟ್ಟು, ಗುಳ್ಳೆ ಫಿಲ್ಮಿಗೆ ಅಂಟಿಕೊಂಡಿದ್ದರೆ ಬಿಡಲಿ ಅಂತ. ಸಲೀಸಾಗಿ, ಎಳನೀರು ಬಗ್ಗಿಸಿದ ಹಾಗೆ. ಕಾಕ್‌ಟೇಲ್ ಮಾಡುವವರ ಹಾಗೆ ಕುಲುಕಬೇಡಿ.

ಫಿಕ್ಸರ್ ಆದ ಮೇಲೆ ಮುಚ್ಚಳ ತೆಗೆಯಬಹುದು. ಆ ಕ್ಷಣ ಮಾತ್ರ 22ನೇ ಸಲವೂ ಮೊದಲ ಸಲದ ಹಾಗೇ. ನನ್ನ ಮೊದಲ ಸರಿಯಾದ ರೋಲ್ ದೇವರಾಜ ಮಾರ್ಕೆಟ್ಟಿನದು. ಸ್ಪೈರಲ್‌ನ ಒಂದು ಗೇಣು ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದರೆ ಕಪ್ಪು ಪಂಚೆ, ಬಿಳೀ ಮುಖ, ಕಪ್ಪು ಹಲ್ಲು ಬಿಟ್ಟು ನಗುತ್ತಿರುವ ಹೂವಿನವರು. ಸ್ಕ್ಯಾನ್ ಮಾಡಿದ ಮೇಲೆ ಇನ್ನೊಂದು ತಮಾಷೆ ಕಂಡಿತು. ಅಲ್ಲಿ ಬಣ್ಣದ ಪುಡಿಯನ್ನು ಗೋಪುರ ಮಾಡಿ ಇಟ್ಟಿರುತ್ತಾರಲ್ಲ, ಬಣ್ಣ ಬಣ್ಣಕ್ಕೆ ಮರುಳಾಗಿ ನಾಲ್ಕು ಫ್ರೇಮ್ ಕಳೆದಿದ್ದೆ. ಕೆಂಪೂ ಹಸಿರೂ ಎರಡೂ ಒಂದೇ ಬೂದು. ವಿಭೂತಿ ಅಂಗಡಿ ಥರ ಬಂದಿದೆ.

ನೀರಿನಲ್ಲಿ ತೊಳೆಯೋಕೆ ನಲ್ಲಿ ಬಿಟ್ಟು ಅರ್ಧ ಗಂಟೆ ಹರಿಸಬೇಕು ಅಂತ ಹಳಬರು ಹೇಳುತ್ತಾರೆ. ಬೇಕಿಲ್ಲ. ಇಲ್‌ಫೋರ್ಡ್‌ನವರದ್ದೇ ಒಂದು ಕ್ರಮ ಇದೆ: ನೀರು ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಎರಡು ರೋಲಿಗೆ ಎರಡು ಲೀಟರ್ ಒಳಗೆ ಮುಗಿಯುತ್ತದೆ. ಟ್ಯಾಂಕರ್ ನೀರು ಹಾಕಿಸಿಕೊಳ್ಳುವ ಮನೆಗಳಿಗೆ ಇದಕ್ಕಿಂತ ಬೇಕಾ.

ಕೊನೆಯ ಜಾಲಾಟಕ್ಕೆ ಮಾತ್ರ ಬೋರ್ ನೀರು ಬೇಡ, ಒಣಗಿದ ಮೇಲೆ ಬಿಳಿ ಸುಣ್ಣದ ಚುಕ್ಕೆ ಉಳಿಯುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್‌ಗೆ ವೆಟ್ಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರಿ ಹೋಗುವಂತೆ ಮಾಡುವ ದ್ರಾವಣ) ಒಂದೆರಡು ಹನಿ. ಇಲ್ಲೊಂದು ಎಚ್ಚರ ಬೇಕು, ನನಗೆ ತಡವಾಗಿ ತಿಳಿದದ್ದು: ಇದನ್ನು ಟ್ಯಾಂಕಿಗೆ ಸುರಿಯಬೇಡಿ. ಫಿಲ್ಮನ್ನು ಸ್ಪೈರಲ್‌ನಿಂದ ಬಿಚ್ಚಿ ಬೇರೆ ಬೋಗುಣಿಯಲ್ಲಿ ಅದ್ದಿ. ಸ್ಪೈರಲ್‌ಗೆ ತಾಗಿದರೆ ಆ ಸೋಪಿನಂಥದ್ದು ಸಂದಿಗಳಲ್ಲಿ ಕೂತು ದಿನ ಕಳೆದಂತೆ ಜಿಗುಟಾಗುತ್ತದೆ, ಆಮೇಲೆ ಒಣಗಿದ್ದರೂ ಫಿಲ್ಮ್ ಸಲೀಸಾಗಿ ಹೋಗಲ್ಲ. ಹತ್ತನೇ ರೋಲಿನ ಹೊತ್ತಿಗೆ ನನ್ನದು ಹಾಗೇ ಆಗಿತ್ತು. ಹಳೇ ಟೂತ್‌ಬ್ರಷ್ ಹಿಡಿದು ಬಿಸಿನೀರಲ್ಲಿ ತಿಕ್ಕಿದ ಮೇಲೆ ಸರಿಹೋಯಿತು.

ಒಣಗಿಸಲು ಬಚ್ಚಲುಮನೆಯೇ ಸರಿ. ಬಿಸಿನೀರು ಸ್ನಾನ ಆದ ಮೇಲೆ ಆವಿಗೆ ಧೂಳು ಕೆಳಗೆ ಕೂತಿರುತ್ತದೆ. ಮೇಲೊಂದು ಬಟ್ಟೆ ಕ್ಲಿಪ್ಪು, ಕೆಳಗೆ ಭಾರಕ್ಕೆ ಎರಡು. ಆ ಸ್ಟೀಲ್ ಕ್ಲಿಪ್ಪುಗಳು ಎಲ್ಲಿವೆಯೋ ಗೊತ್ತಿಲ್ಲ. ನಾಲ್ಕು ಗಂಟೆ ಯಾರೂ ಬಾಗಿಲು ತೆಗೆಯುವ ಹಾಗಿಲ್ಲ. ಎರಡು ಬಚ್ಚಲು ಇಲ್ಲದ ಮನೆಯಲ್ಲಿ ಇದು ಸಂಸಾರದ ಪ್ರಶ್ನೆ.

ದುಡ್ಡಿನ ಲೆಕ್ಕ. ಲ್ಯಾಬಿಗೆ ಕಳಿಸಿದಾಗ ಸ್ಕ್ಯಾನು, ಕೊರಿಯರ್ ಸೇರಿ ರೋಲಿಗೆ 600 ರೂಪಾಯಿ ಹತ್ತಿರ ಆಗುತ್ತಿತ್ತು. ಟ್ಯಾಂಕ್, ಚೀಲ, ಥರ್ಮಾಮೀಟರ್, ಬಾಟಲಿ ಎಲ್ಲ ಸೇರಿ ನನಗೆ 6 ಸಾವಿರ ಬಿತ್ತು, ಅದರಲ್ಲಿ ಟ್ಯಾಂಕೇ 4 ಸಾವಿರದ ಮೇಲೆ. ಮೊದಲಿನ ಅಗ್ಗದ ಟ್ಯಾಂಕ್ ಈ ಲೆಕ್ಕದಲ್ಲಿ ಇಲ್ಲ, ಅದು ದಂಡ. ಪ್ಯಾಕೆಟ್ ಡೆವಲಪರ್ ಆದರೆ ರೋಲಿಗೆ 130ರ ಆಸುಪಾಸು, ನಾನೇ ಕಲಸಿದರೆ ಅದರ ಅರ್ಧವೂ ಇಲ್ಲ. ಹದಿಮೂರನೇ ರೋಲಿಗೆ ಹಾಕಿದ ದುಡ್ಡು ವಾಪಸ್ ಬಂತು. ಸ್ಕ್ಯಾನಿಗೆ ಇದ್ದ ಡಿಜಿಟಲ್ ಕ್ಯಾಮೆರಾ, ಕೆಳಗೊಂದು ಬಿಳಿ ಲೈಟ್ ಪ್ಯಾಡ್. ಅದೇ ಬೇರೆ ಕಥೆ. ಫಿಲ್ಮಿನ ಬೆಲೆ ಮಾತ್ರ ನಮ್ಮ ಕೈಲಿಲ್ಲ. ಕೈಗೆಟುಕಬೇಕು ಅಂದರೆ ಕೆಂಟ್‌ಮಿಯರ್ 400 ನೋಡಿ, ಇಲ್‌ಫೋರ್ಡ್ ಫಿಲ್ಮ್ ಮಾಡುವ ಹಾರ್ಮನ್ ಕಂಪನಿಯವರದ್ದೇ, ಕಲಿಯೋಕೆ ಧಾರಾಳ ಸಾಕು.

ನಮ್ಮ ಬೀದಿ ಕೊನೆಯಲ್ಲಿ ಒಬ್ಬರಿದ್ದಾರೆ, ಮೊದಲು ಸ್ಟುಡಿಯೋ ಇಟ್ಟಿದ್ದವರು. ಒಂದಿನ ಟ್ಯಾಂಕ್ ತಗೊಂಡು ಹೋಗಿ ತೋರಿಸಿದೆ. ಕೈಯಲ್ಲಿ ತಿರುಗಿಸಿ ನೋಡಿ, ಸ್ಪೈರಲ್ ಗುಂಡುಗಳನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಅವರು ತೊಳೆಯುತ್ತಿದ್ದದ್ದು ‘ಇಂದು’ ಅನ್ನುವ ಹೆಸರಿನ ಫಿಲ್ಮ್. ಹಿಂದುಸ್ತಾನ್ ಫೋಟೋ ಫಿಲ್ಮ್ಸ್, 1960ರಲ್ಲಿ ಊಟಿಯಲ್ಲಿ ಶುರುವಾದ ಸರ್ಕಾರಿ ಕಂಪನಿಯದು. ಇಲ್ಲಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಸಿಗುವ ಊರಲ್ಲಿ ಫಿಲ್ಮ್ ಮಾಡುತ್ತಿದ್ದರು ಅಂದರೆ ಈಗ ನಂಬೋಕೆ ಆಗಲ್ಲ. ‘ಈಗ ರೋಲು ಎಷ್ಟಪ್ಪಾ?’ ಅಂದರು. ಎಚ್‌ಪಿ5 ಸಾವಿರದ ಹತ್ತಿರ ಸಾರ್ ಅಂದೆ. ಟ್ಯಾಂಕ್ ಕೆಳಗಿಟ್ಟು ಒಳಗೆ ನೋಡಿ ‘ಇವಳೇ, ಕೇಳಿದ್ಯಾ, ರೀಲು ಸಾವಿರ ಅಂತೆ’ ಅಂದರು. ಒಳಗಿನಿಂದ ‘ಯಾವ ರೀಲು? ಮೊಬೈಲಿಂದಾ?’ ಅಂತ ಉತ್ತರ ಬಂತು.

ಕೊರತೆ ಹೇಳದಿದ್ದರೆ ವಿಮರ್ಶೆ ಆಗಲ್ಲ. ಸ್ಟೀಲ್ ಟ್ಯಾಂಕಿನಲ್ಲಿ ಒಂದು ರೋಲಿಗೆ 250 ಮಿಲಿ ಸಾಕು, ಇಲ್ಲಿ 290 ಬೇಕು. ಸ್ಟೀಲ್ ಸ್ಪೈರಲ್ ಒದ್ದೆಯಿದ್ದರೂ ನಡೆಯುತ್ತದೆ, ಬಿದ್ದರೆ ಒಡೆಯಲ್ಲ, ಸೊಟ್ಟಗಾಗುತ್ತದೆ ಅಷ್ಟೇ. ಆದರೆ ಅದಕ್ಕೆ ಫಿಲ್ಮ್ ಸುತ್ತುವುದು ಕಲಿಯೋಕೆ ಜಾಸ್ತಿ ದಿನ ಬೇಕು. ಹೊಸಬರಿಗೆ ಪ್ಲಾಸ್ಟಿಕ್ಕೇ ಸರಿ. ವರ್ಷಕ್ಕೆ ಎರಡು ಮೂರು ರೋಲ್ ತೆಗೆಯುವವರು ಇದಕ್ಕೆ ದುಡ್ಡು ಹಾಕಬೇಡಿ, ಲ್ಯಾಬಿಗೇ ಕೊಡಿ, ಕಲಸಿಟ್ಟ ಡೆವಲಪರ್ ನಿಮಗಿಂತ ಮೊದಲು ಸಾಯುತ್ತದೆ. ಬಣ್ಣದ ರೋಲ್ ತೊಳೆಯಬೇಕು ಅನ್ನುವವರಿಗೂ ಇದೇ ಟ್ಯಾಂಕ್ ಆಗುತ್ತದೆ, ಅದಕ್ಕೆ 38 ಡಿಗ್ರಿ ಹಿಡಿದಿಡಬೇಕು, ನಾನಿನ್ನೂ ಕೈ ಹಾಕಿಲ್ಲ.

ಎರಡು ರೋಲ್ ಟ್ಯಾಂಕೇ ತಗೊಳ್ಳಿ, ಒಂದರದ್ದು ಬೇಡ. ಸೆಕೆಂಡ್ ಹ್ಯಾಂಡ್ ಆದರೆ ಆ ಕಪ್ಪು ಕೊಳವೆ ಇದೆಯಾ ಅಂತ ಮೊದಲು ಕೇಳಿ, ಫೋಟೋದಲ್ಲಿ ತೋರಿಸಿ ಅನ್ನಿ. ಸ್ಪೈರಲ್‌ನ ಎರಡೂ ಗುಂಡು ಅಲ್ಲಾಡುತ್ತವಾ ನೋಡಿ. ಸಾಧ್ಯವಾದರೆ ಇನ್ನೆರಡು ಸ್ಪೈರಲ್ ಜಾಸ್ತಿ ಇಟ್ಟುಕೊಳ್ಳಿ, ಒಂದು ಜೊತೆ ಒಣಗುತ್ತಿದ್ದಾಗ ಇನ್ನೊಂದು ಜೊತೆ ಇರಲಿ. ನಾನಿನ್ನೂ ತಗೊಂಡಿಲ್ಲ. ಹೋದ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ತೆಗೆದ 23ನೇ ರೋಲ್ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಕೂತಿದೆ. ಮೂರು ದಿನದಿಂದ ಜಡಿಮಳೆ. ಸ್ಪೈರಲ್ ಎರಡೂ ಫ್ಯಾನ್ ಕೆಳಗಿವೆ, ಈಗ ತಾನೇ ಅಲ್ಲಾಡಿಸಿ ನೋಡಿದೆ, ಗುಂಡಿನ ಹಿಂದಿನಿಂದ ಇನ್ನೂ ಒಂದು ಹನಿ ಬಿತ್ತು.